ಏಳನೇ ಟ್ಯೂಬಿನ ನೇರಳೆ

"ಒಂದೇ ಒಂದು ತೊಟ್ಟು ಸಾಕು ಸಾರ್. ಬಣ್ಣ ನೋಡಿ, ಆ ಮನುಷ್ಯ ನಿನ್ನೆ ಎಷ್ಟು ಲೋಟ ನೀರು ಕುಡಿದ, ನಿಂತು ಕುಡಿದನೋ ಕೂತು ಕುಡಿದನೋ, ಕುಡಿಯೋವಾಗ ಹೆಂಡತಿ ಮೇಲೆ ಸಿಟ್ಟಿತ್ತೋ ಇಲ್ಲವೋ, ಎಲ್ಲಾ ಹೇಳಿಬಿಡ್ತೀನಿ. ಅವನ ಮುತ್ತಜ್ಜ ಯಾವ ಬಾವಿ ನೀರು ಕುಡೀತಿದ್ದ ಅಂತ ಕೇಳಿದರೆ ಮಾತ್ರ ಎರಡು ತೊಟ್ಟು ಬೇಕಾಗುತ್ತೆ."

ಮ್ಯಾನೇಜರ್ ನಗಲಿಲ್ಲ. ಆತ ನಕ್ಕದ್ದನ್ನು ಕಣ್ಣಾರೆ ಕಂಡವರು ಆ ಗಾಜಿನ ಕಾರ್ಖಾನೆಯಲ್ಲಿ ಮೂವರಿದ್ದರು. ಮೂವರೂ ಆ ಆಘಾತಕ್ಕೆ ಬೇಗನೆ ನಿವೃತ್ತಿ ತೆಗೆದುಕೊಂಡಿದ್ದರು.

ಮೇಜಿನ ಈಚೆ ಎದೆಯುಬ್ಬಿಸಿ ನಿಂತಿದ್ದವನು ಕಾರ್ಖಾನೆಯ ಕಾಂಪೌಂಡರ್, ಹದ್ದುಗಣ್ಣ. ಆ ಹೆಸರು ಜನ ಪ್ರೀತಿಯಿಂದ ಕೊಟ್ಟದ್ದು ಎಂದು ಅವನು ಹೇಳುತ್ತಿದ್ದ. ಅವನೇ ಇಟ್ಟುಕೊಂಡು ನಮ್ಮ ಬಾಯಿಗೆ ತುರುಕಿದ ಎಂದು ಜನ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನ ಕಣ್ಣ ಮುಂದೆ ಹಾದುಹೋದ ಮೂತ್ರವನ್ನೆಲ್ಲ ಒಂದೆಡೆ ನಿಲ್ಲಿಸಿದ್ದರೆ ಹಡಗು ತೇಲಿಸಬಹುದಿತ್ತು. ಬಂದರೊಂದನ್ನು ಕಟ್ಟಿ, ಅದಕ್ಕೆ ಅವನ ಹೆಸರನ್ನೇ ಇಡಬಹುದಿತ್ತು.

ಅವನ ಹಿಂದೆ ಒಂದು ಹೆಜ್ಜೆ ಬಿಟ್ಟು ಅವನ ಅಕ್ಕ ನಿಂತಿದ್ದಳು. ಕಾರ್ಖಾನೆಯ ನರ್ಸು. ತಮ್ಮನಿಗಿಂತ ಮೂರು ವರ್ಷ ದೊಡ್ಡವಳು, ಮೂರು ಅಂಗುಲ ಗಿಡ್ಡ, ಮೂವತ್ತು ಪಟ್ಟು ಬುದ್ಧಿವಂತೆ. ಆ ಹೊತ್ತಿಗೆ ಅವಳ ಬುದ್ಧಿಯೆಲ್ಲ ಒಂದೇ ಕೆಲಸದಲ್ಲಿ ತೊಡಗಿತ್ತು: ಈ ತಮ್ಮನ ಬಾಯಿ ಹೇಗೆ ಮುಚ್ಚಿಸುವುದು.

ನಿನ್ನೆ ಮಧ್ಯಾಹ್ನ ಭಟ್ಟಿಯ ಬಾಯಲ್ಲಿ ಗಾಜು ಊದುತ್ತಿದ್ದ ಹಿರಿಯ ಮೇಸ್ತ್ರಿ ನಿಂತಲ್ಲೇ ಕುಸಿದುಬಿದ್ದಿದ್ದ. ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಮ್ಯಾನೇಜರ್ ಆಸ್ಪತ್ರೆಯ ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಒಂದೊಂದೇ ಸಾಲು ಓದಿದ.

"'ಇಲ್ಲಿಗೆ ತಂದಾಗ ಮೂತ್ರ ಕರಿ ಟೀ ಬಣ್ಣಕ್ಕಿತ್ತು. ನೀರಿಲ್ಲದ ಮೈಯಲ್ಲಿ, ಬೆಂಕಿಯ ಮುಂದೆ ದುಡಿದು ದುಡಿದು ಸ್ನಾಯು ಒಡೆದು ರಕ್ತಕ್ಕೆ ಸೇರಿದಾಗ ಹೀಗಾಗುತ್ತದೆ. ಮೂತ್ರಪಿಂಡ ಎರಡೂ ಕೈಚೆಲ್ಲಿವೆ. ಇದು ಒಂದು ದಿನದ್ದಲ್ಲ. ಕನಿಷ್ಠ ಮೂರು ದಿನದಿಂದ ಬಣ್ಣ ಏರುತ್ತಾ ಬಂದಿರಬೇಕು. ನಿಮ್ಮಲ್ಲಿ ದಿನಾ ಪರೀಕ್ಷೆ ಇದೆಯಂತಲ್ಲ, ಯಾರೂ ನೋಡಲಿಲ್ಲವೆ?'"

ಓದಿ ಮುಗಿಸಿ ಪಕ್ಕದಲ್ಲಿದ್ದ ದಪ್ಪ ರಿಜಿಸ್ಟರನ್ನು ಚೀಟಿಯ ಜೊತೆಗೆ ಸರಿಸಿದ. ಏಳನೇ ನಂಬರು, ಅಂದರೆ ಮೇಸ್ತ್ರಿ. ಹನ್ನೊಂದು ದಿನ. ಒಂದು, ಎರಡು, ಒಂದು, ಒಂದು, ಎರಡು.

ಆ ಅಂಕಿಗಳ ಅರ್ಥ ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು. ಭಟ್ಟಿ ಸಾಲಿನ ನಲವತ್ತು ಜನರೂ ಬೆಳಿಗ್ಗೆ ಏಳಕ್ಕೆ ತಂತಮ್ಮ ನಂಬರಿನ ಗಾಜಿನ ಟ್ಯೂಬಿನಲ್ಲಿ ಮೂತ್ರ ತಂದು ಔಷಧಿ ಕೋಣೆಯ ಕಿಟಕಿಯಲ್ಲಿದ್ದ ಮರದ ಸ್ಟ್ಯಾಂಡಿನ ತೂತಿನಲ್ಲಿ, ಬಾಯಿ ಮಾತ್ರ ಹೊರಗೆ ಕಾಣುವಂತೆ ಇಳಿಸಬೇಕು. ಅಕ್ಕ ಸ್ಟ್ಯಾಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಎಂಟಕ್ಕೆ ಹದ್ದುಗಣ್ಣ ಅದನ್ನು ತೆಗೆದು, ಎಂಟು ಬಣ್ಣದ ಪಟ್ಟಿಯ ಪಕ್ಕ ಹಿಡಿದು ನಂಬರು ಬರೆಯುತ್ತಾನೆ. ಒಂದೆಂದರೆ ನೀರು, ಎರಡೆಂದರೆ ಒಣಹುಲ್ಲು, ಮೂರು ನಿಂಬೆಹಣ್ಣು. ಹೀಗೆ ಗಾಢವಾಗುತ್ತಾ ಎಂಟೆಂದರೆ ಕರಿ ಟೀ. ಮೂರರವರೆಗೆ ಕ್ಷೇಮ. ನಾಲ್ಕು ಐದಕ್ಕೆ ಅಕ್ಕನ ಕಣ್ಣೆದುರೇ ಎರಡು ಲೋಟ ನೀರು. ಆರು ಮುಟ್ಟಿದರೆ ಆ ದಿನ ಭಟ್ಟಿಯ ಮುಖ ನೋಡುವಂತಿಲ್ಲ, ತಂಪು ಕೋಣೆಯಲ್ಲಿ ಮಲಗಬೇಕು. ತಿಂಗಳಲ್ಲಿ ಮೂರು ಸಲ ಮಲಗಿದವನು ಪ್ಯಾಕಿಂಗ್ ವಿಭಾಗಕ್ಕೆ. ಭಟ್ಟಿಯ ಬಾಯಲ್ಲಿ ನಿಂತು ಮೆರೆದವನಿಗೆ ಅದು ಕುದುರೆ ಇಳಿದು ಕತ್ತೆ ಏರಿದ ಹಾಗೆ.

"ಚೀಟಿ ಎಂಟು ಅನ್ನುತ್ತೆ. ರಿಜಿಸ್ಟರು ಒಂದು ಅನ್ನುತ್ತೆ. ನಿನ್ನ ಕಣ್ಣು ತಪ್ಪಿರಬಹುದಲ್ಲಪ್ಪಾ?" ಎಂದ ಮ್ಯಾನೇಜರ್, ತೀರಾ ಮೆಲ್ಲಗೆ.

"ನನ್ನ ಕಣ್ಣಾ?" ಹದ್ದುಗಣ್ಣನಿಗೆ ಬೆಂಕಿ ತಾಗಿದ ಹಾಗಾಯಿತು. "ಸೂರ್ಯ ನಾಳೆ ಪಶ್ಚಿಮದಲ್ಲಿ ಹುಟ್ಟಿದ್ರೆ ಅದು ಸೂರ್ಯನ ತಪ್ಪು ಸಾರ್, ನನ್ನ ಕಣ್ಣಿಂದಲ್ಲ!"

"ತಮ್ಮಾ," ಎಂದಳು ಅಕ್ಕ.

"ಇರಕ್ಕಾ. ಬೀಟ್‌ರೂಟ್ ತಿಂದು ಬಂದು, ರಕ್ತ ಹೋಗ್ತಿದೆ, ಉಯಿಲು ಬರೆಸ್ತೀನಿ ಅಂತ ಅಳ್ತಿದ್ದವನಿಗೆ ಮನೆಗೆ ಹೋಗಿ ಮಲಗು ಅಂದವನು ಯಾರು? ನಾನು. ಶಕ್ತಿ ಮಾತ್ರೆ ನುಂಗಿ ಗಿಳಿ ಬಣ್ಣ ಮಾಡ್ಕೊಂಡು ಬಂದವನ ಜೇಬಿಂದ ಮಾತ್ರೆ ಡಬ್ಬಿ ತೆಗೆದು ತೋರಿಸಿದ್ದು ಯಾರು? ನಾನು. ಸಾಸಿವೆ ಎಣ್ಣೆ ಬಣ್ಣ ನೋಡಿ ಕಾಮಾಲೆ ಅಂತ ಡಾಕ್ಟರಿಗಿಂತ ಒಂಬತ್ತು ದಿನ ಮುಂಚೆ ಹೇಳಿದ್ದು?"

"ನೀನು," ಎಂದ ಮ್ಯಾನೇಜರ್. "ಹಾಗಾದ್ರೆ ಏಳನೇ ಟ್ಯೂಬಿನಲ್ಲಿ ಹನ್ನೊಂದು ದಿನವೂ ತಿಳಿನೀರಿನಂಥದ್ದೇ ಇತ್ತು ಅಂತ ಬರೆದುಕೊಡ್ತೀಯಾ?"

"ರಕ್ತದಲ್ಲಿ ಬರೆದುಕೊಡ್ತೀನಿ!"

"ಪೆನ್ನು ಸಾಕು."

ಹದ್ದುಗಣ್ಣ ಬರೆದ. ಸಹಿಯ ಕೆಳಗೆ ಎರಡು ಗೆರೆ ಎಳೆದ. ಮ್ಯಾನೇಜರ್ ಆ ಕಾಗದವನ್ನು ಎತ್ತಿ, ಶಾಯಿ ಒಣಗಲೆಂದು ಊದಿ, ಹದ್ದುಗಣ್ಣನನ್ನು ಬಿಟ್ಟು ಅವನ ಹಿಂದೆ ನಿಂತವಳ ಕಡೆ ನೋಡಿದ.

"ಕಣ್ಣು ತಪ್ಪಿಲ್ಲ ಅಂದಮೇಲೆ ಟ್ಯೂಬಿನೊಳಗಿದ್ದದ್ದು ಮೇಸ್ತ್ರಿಯದಲ್ಲ. ಏಳರಿಂದ ಎಂಟರ ನಡುವೆ ಯಾರೋ ಬದಲಾಯಿಸಿದ್ದಾರೆ. ನರ್ಸಮ್ಮಾ, ಬೀರುವಿನ ಕೀಲಿ ಎಷ್ಟಿವೆ?"

ಅಕ್ಕನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಒಂದೇ."

"ಯಾರ ಹತ್ತಿರ ಇರುತ್ತೆ?"

ಉತ್ತರ ಬೇಕಿರಲಿಲ್ಲ. ಕೀಲಿ ಅವಳ ಸೊಂಟದಲ್ಲಿ ತೂಗುತ್ತಿತ್ತು. ಹದ್ದುಗಣ್ಣನ ಎದೆಯಿಂದ ಗಾಳಿ ಹೊರಟ ಸದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು.

"ಒಂದು ಗಂಟೆ ಸೈರನ್ ಆಗ್ತಿದ್ದ ಹಾಗೆ ಈ ಕಾಗದ ಪೊಲೀಸ್ ಠಾಣೆಗೆ ಹೋಗುತ್ತೆ," ಎಂದ ಮ್ಯಾನೇಜರ್. ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. "ಅದಕ್ಕೆ ಮುಂಚೆ ಬೇರೆ ಹೆಸರು ಸಿಕ್ಕಿದ್ರೆ ತಂದುಕೊಡಿ."

* * *

ಔಷಧಿ ಕೋಣೆಯ ಬಾಗಿಲು ಮುಚ್ಚಿದ್ದೇ ಅಕ್ಕ ತಿರುಗಿ ನಿಂತಳು.

"ನನ್ನ ಕುತ್ತಿಗೆಗೆ ಹಗ್ಗ ಹೊಸೆದದ್ದಲ್ಲದೆ ಕೆಳಗೆ ಎರಡು ಗೆರೆ ಬೇರೆ ಎಳೆದ್ಯಲ್ಲೋ, ಮಹಾರಾಯ!"

"ಅಕ್ಕಾ, ನಾನು ಅಷ್ಟು ದೂರ ಯೋಚನೆ ಮಾಡ್ಲಿಲ್ಲ..."

"ಹತ್ತಿರಾನೂ ಮಾಡ್ಲಿಲ್ಲ. ಒಂದು ಮಾತು ಹೇಳಬಹುದಿತ್ತು, 'ಸಾರ್, ನನ್ನ ಕಣ್ಣು ಒಂದು ಸಲ ತಪ್ಪಿರಬಹುದು' ಅಂತ. ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಹದ್ದುಗಣ್ಣ ಉತ್ತರ ಕೊಡಲಿಲ್ಲ. ಅವನು ಉತ್ತರ ಕೊಡದೆ ಬಿಟ್ಟದ್ದು ಅವನ ಐವತ್ತಮೂರು ವರ್ಷದಲ್ಲಿ ಅದೇ ಮೊದಲು. ಆ ಮೌನ ಅಕ್ಕನಿಗೆ ವಿಚಿತ್ರವೆನಿಸಿತು. ಆದರೆ ಅದನ್ನು ಕೆದಕಲು ಹೊತ್ತಿರಲಿಲ್ಲ.

ತೊಳೆದ ಟ್ಯೂಬುಗಳನ್ನು ಬೋರಲು ಹಾಕುವ ಮೊಳೆ ಹಲಗೆಯ ಹತ್ತಿರ ಅವನು ಹೋದ. ಇಂದು ಬೆಳಗಿನ ಟ್ಯೂಬುಗಳು ಪಾಳಿ ಮುಗಿಯುವವರೆಗೂ ಬೀರುವಿನಲ್ಲೇ ಇರುವುದು ನಿಯಮ. ಮೊಳೆಗೆ ತೂಗಿದ್ದದ್ದು ಒಂದೇ, ನಿನ್ನೆ ತೊಳೆದಿಟ್ಟ ಏಳನೇ ನಂಬರು. ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಸವರಿದ. ತಿರುಗಿಸಿ ಮತ್ತೆ ಸವರಿದ.

"ಗೆರೆ ಇಲ್ಲ," ಎಂದ.

"ಏನು?"

"ನಮ್ಮ ಟ್ಯೂಬೆಲ್ಲ ಅಚ್ಚಲ್ಲಿ ಬರೋದು. ಅಚ್ಚಿನ ಎರಡು ಹೋಳು ಕೂಡೋ ಕಡೆ ಉದ್ದಕ್ಕೆ ಕೂದಲೆಳೆ ಹಾಗೆ ಗೆರೆ ಇರುತ್ತೆ. ಇದಕ್ಕಿಲ್ಲ. ತಳ ನೋಡು, ಕಡಲೆ ಗಾತ್ರದ ಗಾಯ. ಊದಿ ಮಾಡಿ, ಕಬ್ಬಿಣದ ಕೋಲಿಂದ ಮುರಿದುಕೊಂಡ ಗುರುತು. ಇದು ಕೈಯಲ್ಲಿ ಮಾಡಿದ ಟ್ಯೂಬು ಅಕ್ಕಾ."

ಬೆರಳಿಗೆ ಕಣ್ಣಿರುವ ಮನುಷ್ಯರು ಲೋಕದಲ್ಲಿ ನಾಲ್ವರಿದ್ದಾರೆ, ಉಳಿದ ಮೂವರು ನನ್ನ ಶಿಷ್ಯರು ಎಂದೂ ಸೇರಿಸುವವನಿದ್ದ. ಅಕ್ಕ ಅಷ್ಟರಲ್ಲಿ ಟ್ಯೂಬನ್ನು ಕಸಿದುಕೊಂಡಾಗಿತ್ತು.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಏನೂ ಕಾಣಲಿಲ್ಲ. ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಇನ್ನೂ ನಂಬರು ಹಾಕದ ಹೊಸ ಟ್ಯೂಬೊಂದನ್ನು ತಂದಿಟ್ಟು, ಎರಡನ್ನೂ ಅಡ್ಡ ಮಲಗಿಸಿದಳು. ಬಗ್ಗಿ ನೋಡಿದಳು.

"ನೇರಳೆ," ಎಂದಳು. "ತೀರಾ ತೆಳು. ಮೂರು ಸಲ ಒಗೆದ ಮೇಲೆ ಉಳಿಯೋ ಶಾಯಿ ಕಲೆ ಹಾಗೆ. ಕಾಣಿಸ್ತಾ?"

"ಕಾಣದೆ ಏನು! ಬಾಗಿಲಿಂದಾನೇ ಕಾಣ್ತಿತ್ತು," ಎಂದ ಹದ್ದುಗಣ್ಣ.

ಅವಳು ಬೀರುವಿನಿಂದ ಇಂದಿನ ಒಂದು ಟ್ಯೂಬು ತೆಗೆದಳು. ನಾಲ್ಕನೇ ಬಣ್ಣಕ್ಕಿತ್ತು. ಅದರಿಂದ ಒಂದಿಷ್ಟನ್ನು ಏಳನೇ ಟ್ಯೂಬಿಗೆ ಬಗ್ಗಿಸಿದಳು. ಪಟ್ಟಿಯ ಪಕ್ಕ ಹಿಡಿದಳು. ಅವಳ ಹುಬ್ಬು ಮೇಲಕ್ಕೆ ಹೋಗಿ ತಲೆಗೂದಲಲ್ಲಿ ಮಾಯವಾಯಿತೆಂದರೆ ಸುಳ್ಳಾಗಲಾರದು.

"ನಾಲ್ಕು ಇದ್ದದ್ದು ಎರಡಾಯ್ತು ಕಣೋ! ಹಳದಿಯನ್ನ ನೇರಳೆ ನುಂಗಿಬಿಟ್ಟಿದೆ."

ಈ ಹೊತ್ತಿಗೆ ಹದ್ದುಗಣ್ಣನ ಎದೆಗೆ ಗಾಳಿ ಮರಳಿತ್ತು. "ಅಂದ್ರೆ ಯಾರೂ ಏನೂ ಬದಲಾಯಿಸಿಲ್ಲ. ಕೀಲಿ ಮಾತೇ ಬರಲ್ಲ. ಮೋಸ ಇರೋದು ಗಾಜಲ್ಲಿ! ಈ ಕಾರ್ಖಾನೆಯಲ್ಲಿ ಗಾಜಿಗೆ ಬಣ್ಣದ ಪುಡಿ ಹಾಕೋ ಕೈ ಯಾರದ್ದು ಹೇಳು?"

ಒಂದೇ ಕೈ. ಅದು ಇಬ್ಬರಿಗೂ ಗೊತ್ತಿತ್ತು.

* * *

ಪುಡಿ ಕೋಣೆಯಲ್ಲಿ ಮರಳು, ಸೋಡಾ, ಸುಣ್ಣಕಲ್ಲಿನ ಮೂಟೆಗಳು ಸೂರಿನವರೆಗೆ ಏರಿದ್ದವು. ಅವುಗಳ ನಡುವೆ, ಹುಬ್ಬಿನಿಂದ ಹಿಮ್ಮಡಿಯವರೆಗೆ ಬಿಳಿ ಧೂಳು ಮೆತ್ತಿಕೊಂಡು, ಸಣ್ಣ ತಕ್ಕಡಿಯ ಮುಂದೆ ಕೂತಿದ್ದವನನ್ನು ಎಲ್ಲರೂ ಚಿಟಿಕೆ ಎಂದು ಕರೆಯುತ್ತಿದ್ದರು. ಯಾವ ಗಾಜಿಗೆ ಯಾವ ಪುಡಿ ಎಷ್ಟು ಚಿಟಿಕೆ ಎಂಬುದು ಅವನೊಬ್ಬನಿಗೇ ಗೊತ್ತು. ಮಾತನ್ನೂ ಚಿಟಿಕೆಯಲ್ಲೇ ಅಳೆದು ಕೊಡುವವನು. ವರ್ಷಕ್ಕೆ ಅವನಾಡುವ ಮಾತು ಹದ್ದುಗಣ್ಣನ ಒಂದು ಬೆಳಗಿನ ತಿಂಡಿಗೆ ಸಾಲುತ್ತಿರಲಿಲ್ಲ.

ಹದ್ದುಗಣ್ಣ ದಾರಿಯಲ್ಲೇ ಮ್ಯಾನೇಜರನ್ನೂ ಎಬ್ಬಿಸಿಕೊಂಡು ಬಂದಿದ್ದ. ನೋಡುವವರಿಲ್ಲದೆ ಗೆದ್ದರೆ ಅದೆಂಥ ಗೆಲುವು?

ಟ್ಯೂಬನ್ನು ತಕ್ಕಡಿಯ ತಟ್ಟೆಯಲ್ಲೇ ಇಟ್ಟ. ಮುಳ್ಳು ದಡಕ್ಕನೆ ಬಾಗಿತು.

"ಏನು ಕಾಂಪೌಂಡ್ರೇ, ತೂಕ ಕೆಡಿಸಿದ್ರಿ," ಎಂದ ಚಿಟಿಕೆ, ತಲೆ ಎತ್ತದೆ.

"ಕೆಟ್ಟಿರೋದು ಬೇರೆಯವರ ತೂಕ. ಇದಕ್ಕೆ ನೇರಳೆ ಹಾಕಿದ್ದು ಯಾರು?"

ಚಿಟಿಕೆ ಟ್ಯೂಬು ಎತ್ತಿ ನೋಡಿದ. 

"ಪುಡಿ ನಂದೇ. ಆ ಕರಿ ಪುಡಿ." ಹಿಂದಿನ ಹಲಗೆಯ ಮೇಲಿದ್ದ ಜಾಡಿ ತೋರಿಸಿದ. "ಮರಳಲ್ಲಿ ಕಬ್ಬಿಣ ಇರುತ್ತೆ, ಗಾಜು ಹಸಿರು ಹೊಡೆಯುತ್ತೆ. ಇದನ್ನ ಒಂದು ಚಿಟಿಕೆ ಹಾಕಿದ್ರೆ ನೇರಳೆ ಬರುತ್ತೆ. ಹಸಿರಿಗೂ ನೇರಳೆಗೂ ಸರಿಹೋಗಿ ಕಣ್ಣಿಗೆ ಬಿಳಿ ಕಾಣುತ್ತೆ. ಬಣ್ಣ ತೆಗೆಯೋದಲ್ಲ ಇದು. ಬಣ್ಣಕ್ಕೆ ಬಣ್ಣ ಹಾಕಿ ಮರೆಸೋದು."

"ಮೇಸ್ತ್ರಿಗೆ ಕೊಟ್ಟೆಯಾ?" ಎಂದ ಹದ್ದುಗಣ್ಣ.

"ಕೇಳಿದ, ಕೊಟ್ಟೆ. ಮೊಮ್ಮಗಳಿಗೆ ಮಣಿ ಮಾಡ್ತೀನಿ ಅಂದ. ಟ್ಯೂಬು ಊದ್ಕೊಂಡಿದ್ದು ಅವನೇ ಇರಬೇಕು. ಭಟ್ಟಿ ಬಾಯಿ ಬಿಟ್ಟುಹೋಗೋದಕ್ಕೆ ಅವನಿಗೆ ಪ್ರಾಣಸಂಕಟ. ನೀರು ಕುಡಿದ್ರೆ ಒಂದಕ್ಕೆ ಹೋಗಬೇಕು. ಹೋಗೋ ಜಾಗ ಇರೋದು ಅಂಗಳದ ಆ ತುದಿಗೆ. ಹೋಗಿ ಬರೋಷ್ಟರಲ್ಲಿ ಕೋಲಿನ ತುದಿಯಲ್ಲಿರೋ ಗಾಜು ಕಲ್ಲಾಗಿರುತ್ತೆ. ಅದಕ್ಕೇ ಯಾರೂ ಕುಡಿಯಲ್ಲ."

ಮ್ಯಾನೇಜರ್ ತನ್ನ ಬೂಟಿನ ತುದಿ ನೋಡಿಕೊಂಡ.

"ಆಹಾ, ಎಂಥಾ ಕಥೆ!" ಹದ್ದುಗಣ್ಣ ಚಪ್ಪಾಳೆ ತಟ್ಟಿದ. ಧೂಳು ಎದ್ದಿತು. "ಮೊಮ್ಮಗಳಂತೆ, ಮಣಿಯಂತೆ. ಸಾರ್, ಇವನನ್ನ ಒಂದು ಪ್ರಶ್ನೆ ಕೇಳಿ. ಮೇಸ್ತ್ರಿ ಬಿದ್ದರೆ ಭಟ್ಟಿ ಬಾಯಿಗೆ ಮುಂದಿನ ಸರದಿ ಯಾರದ್ದು? ಇವನ ಅಳಿಯಂದು! ಇಪ್ಪತ್ತಮೂರನೇ ನಂಬರು!"

ಚಿಟಿಕೆ ಪುಡಿ ಜಾಡಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದ.

"ನೋಡಿ ಕಾಂಪೌಂಡ್ರೇ. ನೇರಳೆಗೂ ಒಂದು ಮಿತಿ ಇದೆ. ನಾಲ್ಕನ್ನ ಎರಡು ಮಾಡುತ್ತೆ, ಐದನ್ನ ಮೂರು ಮಾಡುತ್ತೆ. ಕರಿ ಟೀಯನ್ನ ತಿಳಿನೀರು ಮಾಡೋ ಗಾಜನ್ನ ದೇವರೂ ಊದಿಲ್ಲ. ಡಾಕ್ಟರ ಚೀಟಿ ಮಾತು ಇಲ್ಲಿಗೂ ಬಂತು. ಮೂರು ದಿನದಿಂದ ಏರಿ ಎಂಟಾಗಿದ್ರೆ, ಈ ಟ್ಯೂಬಲ್ಲೂ ಎಂಟೇ ಕಾಣಬೇಕಿತ್ತು. ಕಮ್ಮಿ ಅಂದ್ರೂ ಏಳು. ನೀವು ಒಂದು ಅಂತ ಬರೆದ್ರಂತೆ. ಹೆಂಗೆ?"

ಅಕ್ಕ ತಮ್ಮನ ಕಡೆ ತಿರುಗಿದಳು. ಮ್ಯಾನೇಜರ್ ಇಬ್ಬರ ಕಡೆಗೂ ತಿರುಗಿದ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಆದರೆ ಹದ್ದುಗಣ್ಣನ ಬಾಯಿ ಓಡಲು ಶುರುಮಾಡಿದರೆ ಅದಕ್ಕೆ ಬ್ರೇಕು ಹಾಕುವ ಕಾಲು ಅವನಿಗಿರಲಿಲ್ಲ.

"ಮಾತು ತಿರುಗಿಸಬೇಡ! ನಿನ್ನ ಅಳಿಯನ ವಿಷಯ ಹೇಳು. ಅವನದ್ದು ಇವತ್ತು ಬೆಳಿಗ್ಗೆ ಎಷ್ಟಿತ್ತು ಗೊತ್ತಾ? ಎರಡು! ನಿನ್ನೆ ಎರಡು. ಮೊನ್ನೆ ಎರಡು. ದಿನಕ್ಕೆ ಹತ್ತು ಲೋಟ ಕುಡಿಯೋ ಮನುಷ್ಯನ ಬಣ್ಣ ಅದು. ಬೆಳಕಿಗೆ ಹಿಡಿದೆ ಸಾರ್, ಒಣಹುಲ್ಲು ಅಂದ್ರೆ ಒಣಹುಲ್ಲು, ಫಳಫಳ. ಮಾವ ಮೇಸ್ತ್ರಿಗೆ ನೇರಳೆ ಗಾಜು ಕೊಟ್ಟು ಒಣಗಿಸೋದು, ಅಳಿಯನಿಗೆ ಕೊಡಗಟ್ಟಲೆ ನೀರು ಕುಡಿಸೋದು. ಜಾಗಕ್ಕೆ ತಯಾರಿ ಇದು!"

ಚಿಟಿಕೆ ಎದ್ದು ನಿಂತ. ಮೈಯಿಂದ ಬಿಳಿ ಧೂಳು ಉದುರಿತು.

"ಇನ್ನೊಂದು ಸಲ ಹೇಳಿ. ಇವತ್ತು ಬೆಳಿಗ್ಗೆ?"

"ಇವತ್ತು ಬೆಳಿಗ್ಗೆ."

"ಬೆಳಕಿಗೆ ಹಿಡಿದು ನೋಡಿದ್ರಿ."

"ಈ ಕಣ್ಣಿಂದ!"

ಚಿಟಿಕೆ ಮ್ಯಾನೇಜರ್ ಕಡೆ ನೋಡಿದ. "ಸಾರ್, ನೀವೇ ಹೇಳಿಬಿಡಿ."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಇಪ್ಪತ್ತಮೂರನೇ ನಂಬರಿನವನು ನಾಲ್ಕು ದಿನದಿಂದ ರಜದ ಮೇಲಿದ್ದಾನೆ. ನಾನೇ ಸಹಿ ಹಾಕಿದ್ದೀನಿ."

"ಮನೆ ಮೆಟ್ಟಿಲಿಂದ ಜಾರಿ ಕಾಲು ಮುರ್ಕೊಂಡಿದ್ದಾನೆ," ಎಂದ ಚಿಟಿಕೆ. "ತೊಡೆವರೆಗೆ ಪಟ್ಟಿ. ಬೆಂಕಿ ಮುಂದೆ ಕುಣಿಯೋನು ಮೆಟ್ಟಿಲಿಂದ ಬಿದ್ದ ಅಂದ್ರೆ ನಗ್ತಾರೆ, ಯಾರಿಗೂ ಹೇಳಬೇಡಿ ಮಾವಾ ಅಂದಿದ್ದ. ಭಟ್ಟಿ ಸಾಲಲ್ಲಿ ಅವನ ಜೊತೆ ನಿಲ್ಲೋ ಒಬ್ಬಿಬ್ಬರಿಗೆ ಬಿಟ್ರೆ ಗೊತ್ತಿಲ್ಲ. ಹಾಸಿಗೆ ಬಿಟ್ಟು ಏಳದ ಮನುಷ್ಯನ ಟ್ಯೂಬು ನಿಮ್ಮ ಕಣ್ಣಿಗೆ ಎಲ್ಲಿಂದ ಬಂತು?"

ಮುಳುಗುತ್ತಿದ್ದ ಹದ್ದುಗಣ್ಣನ ಕೈಗೆ ಹುಲ್ಲುಕಡ್ಡಿಯೊಂದು ಸಿಕ್ಕಿತು.

"ನಾನು ನೋಡಿದ್ದು ಟ್ಯೂಬನ್ನ, ಮನುಷ್ಯನನ್ನಲ್ಲ! ಆ ತೂತಲ್ಲಿ ಯಾರು ಇಟ್ಟರೋ ನನಗೇನು ಗೊತ್ತು? ಇತ್ತು, ನೋಡಿದೆ, ಬರೆದೆ!"

"ಇರಿ," ಎಂದಳು ಅಕ್ಕ. ಸೊಂಟದ ಕೀಲಿಯನ್ನು ಕೈಗೆ ತೆಗೆದುಕೊಂಡಳು. "ಮ್ಯಾನೇಜರ್ ಸಾರ್, ನೀವೂ ಬನ್ನಿ. ಬೀರು ನಿಮ್ಮೆದುರಿಗೇ ತೆಗೀತೀನಿ."

ಅವರಿಬ್ಬರು ಹೋಗಿ ಬರುವವರೆಗಿನ ಐದು ನಿಮಿಷ ಹದ್ದುಗಣ್ಣನಿಗೆ ಐದು ಸಂವತ್ಸರವಾಯಿತು. ಚಿಟಿಕೆ ಮತ್ತೆ ಕೂತು ತೂಕ ಮಾಡತೊಡಗಿದ. ಬೈದಿದ್ದರೆ ಹದ್ದುಗಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕ ಬಂದಳು. ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಟ್ಯೂಬು.

"ಇದೆ," ಎಂದಳು. "ಇಪ್ಪತ್ತಮೂರನೇ ತೂತಲ್ಲಿ ಟ್ಯೂಬಿದೆ. ಮುಕ್ಕಾಲು ತುಂಬಿದೆ."

ಹದ್ದುಗಣ್ಣ ಮುಗಿಲಿಗೆ ಮೂರು ಗೇಣು ಉಳಿಯುವಷ್ಟು ಹಾರಿದ. "ನೋಡಿದ್ರಾ ಸಾರ್! ಹೇಳಲಿಲ್ವಾ ನಾನು! ಈ ಕಣ್ಣು..."

"ಬಣ್ಣ ಹೇಳು," ಎಂದಳು ಅಕ್ಕ.

"ಏನು?"

"ಬೆಳಿಗ್ಗೆ ಎಂಟಕ್ಕೆ ಬೆಳಕಿಗೆ ಹಿಡಿದು ನೋಡಿದ್ಯಲ್ಲ. ಬಟ್ಟೆ ಬಿಚ್ಚೋದಕ್ಕೆ ಮುಂಚೆ ಹೇಳು."

"ಎರಡು ಅಂತ ಹೇಳಿದ್ನಲ್ಲಕ್ಕಾ. ಒಣಹುಲ್ಲು. ಫಳಫಳ..."

ಅಕ್ಕ ಬಟ್ಟೆ ಬಿಚ್ಚಿದಳು.

ಕರಿ ಟೀ. ಕಿಟಕಿಯ ಬಿಸಿಲಿಗೆ ಹಿಡಿದರೂ ಆಚೆ ಬದಿಯ ಬೆರಳು ಕಾಣದಷ್ಟು ಕಪ್ಪು ಕಂದು. ಬಿಳಿ ಬಟ್ಟೆಯ ಮೇಲೆ ಅದು ಗೋಡೆಯಲ್ಲಿ ಬಿದ್ದ ತೂತಿನ ಹಾಗೆ ಕಾಣಿಸಿತು. ಹದ್ದುಗಣ್ಣನಿಗೂ ಕಾಣಿಸಿತು.

ಮೊದಲು ಬಾಯಿಬಿಟ್ಟವನು ಮ್ಯಾನೇಜರ್. ಅವನ ದನಿಯಲ್ಲಿ ಮ್ಯಾನೇಜರ್‌ಗಿರಿ ಇರಲಿಲ್ಲ.

"ಮೇಸ್ತ್ರಿ ನಿನ್ನೆಯಿಂದ ಆಸ್ಪತ್ರೆಯಲ್ಲಿದ್ದಾನೆ. ಇವನ ಅಳಿಯ ಮನೆಯಲ್ಲಿ. ಹಾಗಾದ್ರೆ ಇದು ಯಾರದ್ದು?"

"ಮುಚ್ಚಿಡಬೇಕು ಅನ್ನೋನು ಚೆಲ್ಲಿಬಿಡ್ತಿದ್ದ," ಎಂದಳು ಅಕ್ಕ. ಮಾತು ಮ್ಯಾನೇಜರಿಗೆ, ಕಣ್ಣು ಮಾತ್ರ ತಮ್ಮನ ಮೇಲೆ. "ಇದನ್ನ ಇಟ್ಟವನು ನೋಡಲಿ ಅಂತಲೇ ಇಟ್ಟಿದ್ದಾನೆ. ಮೇಸ್ತ್ರಿ ಬಿದ್ದದ್ದನ್ನ ಕಂಡು ಹೆದರಿದ್ದಾನೆ. ತನ್ನ ತೂತಲ್ಲಿ ಇಟ್ಟರೆ ಪ್ಯಾಕಿಂಗಿಗೆ ಹಾಕ್ತಾರೆ. ಅದಕ್ಕೆ ಅಲ್ಲಿ ನೀರೋ ಮತ್ತೊಂದೋ ಇಟ್ಟು, ರಜದಲ್ಲಿರೋನ ಹೆಸರಲ್ಲಿ ಇದನ್ನ ಇಟ್ಟು, ಹದ್ದುಗಣ್ಣ ಏನು ಬರೀತಾನೆ ನೋಡೋಣ ಅಂತ ಕಾದಿದ್ದಾನೆ. ಎಂಟೂವರೆಗೆ ಹೊರಗಿನ ಬೋರ್ಡಿನ ಮೇಲೆ ನಂಬರು ಬರೀತೀಯಲ್ಲ ತಮ್ಮಾ. ಇಪ್ಪತ್ತಮೂರರ ಮುಂದೆ ಏನು ಬರೆದೆ?"

ಹದ್ದುಗಣ್ಣ ತಕ್ಕಡಿಯ ಕಡೆ ಮುಖ ತಿರುಗಿಸಿದ.

"ಎರಡು ಅಂತ ಬರೆದೆ. ಅವನು ಓದಿಕೊಂಡ. ಕ್ಷೇಮ ಅಂದುಕೊಂಡ. ಭಟ್ಟಿಗೆ ಹೋದ. ಈಗ ಅಲ್ಲೇ ನಿಂತಿದ್ದಾನೆ." ಅವಳು ಟ್ಯೂಬಿಗೆ ಮತ್ತೆ ಬಟ್ಟೆ ಸುತ್ತಿದಳು. "ಇಪ್ಪತ್ತೆರಡು ವರ್ಷ ನೀನು ಬರೆದದ್ದರ ಕೆಳಗೆ ನಾನು ಕಣ್ಮುಚ್ಚಿ ಸಹಿ ಹಾಕಿದ್ದೀನಿ. ಈಗ ಒಂದೇ ಒಂದು ಸಲ ನಿಜ ಹೇಳು. ಬೆಳಿಗ್ಗೆ ಇದನ್ನ ನೋಡಿದೆಯಾ?"

ಹದ್ದುಗಣ್ಣನ ತಲೆಯಲ್ಲಿ ಆ ಕ್ಷಣಕ್ಕೆ ಏಳು ಸುಳ್ಳುಗಳು ಸಾಲುಗಟ್ಟಿ ನಿಂತವು. ಏಳೂ ಚೆನ್ನಾಗಿದ್ದವು. ಆರನೆಯದಂತೂ ಮ್ಯಾನೇಜರನ್ನೂ ಅಳಿಸುವಂತಿತ್ತು. ಒಂದೂ ನಾಲಿಗೆಗೆ ಬರಲಿಲ್ಲ.

ಅವನು ಮರಳಿನ ಮೂಟೆಯೊಂದರ ಮೇಲೆ ಕೂತುಬಿಟ್ಟ.

"ಕಣ್ಣಿಗೆ ಪೊರೆ ಬಂದಿದೆ ಅಕ್ಕಾ. ಎರಡಕ್ಕೂ."

"ಯಾವಾಗಿಂದ?"

"ವರ್ಷ ಆಯ್ತು. ಮೊದಲು ಮಂಜು ಮಂಜು. ಆಮೇಲೆ ಹಳದಿ ಬಿಳಿ ಒಂದೇ ಆಯ್ತು. ಒಂದರಿಂದ ಐದರವರೆಗೆ ನನಗೆ ಎಲ್ಲಾ ಒಂದೇ. ಹೋದ ತಿಂಗಳು ಮೂವರು ಚೆನ್ನಾಗಿದ್ದೋರನ್ನ ಆರು ಅಂತ ತಂಪು ಕೋಣೆಗೆ ಕಳಿಸಿದೆ, ಎಲ್ಲಾ ನಕ್ಕರು. ಹದ್ದುಗಣ್ಣನಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಏನು ಉಳಿಯುತ್ತೆ ನನಗೆ? ಅವತ್ತಿಂದ ನೋಡೋದನ್ನೇ ಬಿಟ್ಟೆ. ಕಿಟಕಿಯಲ್ಲಿ ಕೂತು ಬಂದೋರನ್ನ ಎಷ್ಟು ಲೋಟ ಕುಡಿದ್ರಿ ಅಂತ ಕೇಳಿ, ಹೇಳಿದ್ದಕ್ಕೆ ತಕ್ಕ ಹಾಗೆ ಬರೆದೆ. ಮೇಸ್ತ್ರಿ ಎಂಟು ಲೋಟ ಅಂದ. ಒಂದು ಅಂತ ಬರೆದೆ. ಕೇಳದೆ ಬಿಟ್ಟೋರಿಗೆ ಹಿಂದಿನ ದಿನದ್ದನ್ನೇ ಬರೆದೆ. ಏಳನೇ ಟ್ಯೂಬಿನ ನೇರಳೆ, ಸತ್ಯವಾಗಿ ಹೇಳ್ತೀನಿ, ಅದೂ ನನಗೆ ಕಾಣಲಿಲ್ಲ."

ಮ್ಯಾನೇಜರ್ ಜೇಬಿನಿಂದ ಅವನ ಸಹಿಯ ಕಾಗದ ತೆಗೆದು, ನಾಲ್ಕು ಚೂರು ಮಾಡಿದ. ಅಕ್ಕ ಅದನ್ನು ನೋಡಲೂ ಇಲ್ಲ.

"ಭಟ್ಟಿ ಸಾಲಲ್ಲಿ ಈಗ ಮೂವತ್ತೆಂಟು ಜನ ಇದ್ದಾರೆ," ಎಂದಳು. "ಕಿಟಕಿಯಲ್ಲಿ ಕೂತು ಎಲ್ಲರ ಮುಖ ನೋಡಿದೋನು ನೀನೇ. ಯಾರು ಎರಡು ಟ್ಯೂಬು ಇಟ್ಟದ್ದು? ಯಾರ ಕೈ ನಡುಗ್ತಿತ್ತು? ಯಾರ ತುಟಿ ಒಣಗಿತ್ತು? ಅದನ್ನಾದರೂ ಹೇಳು."

ಹದ್ದುಗಣ್ಣ ತಲೆ ಎತ್ತಿದ. ಆ ಕಣ್ಣುಪಾಪೆಗಳ ಮೇಲೆ ಬೂದು ಬಣ್ಣದ ಮಸುಕು ಕವಿದಿತ್ತು. ಇಷ್ಟು ಹತ್ತಿರದಿಂದ ಅಕ್ಕ ಅದನ್ನು ನೋಡಿದ್ದು ಅದೇ ಮೊದಲು.

"ಮುಖಾನೂ ಕಾಣಲ್ಲ ಅಕ್ಕಾ," ಎಂದ. "ದನಿ ಕೇಳಿ ಗುರುತು ಹಿಡೀತಿದ್ದೆ. ಆ ಟ್ಯೂಬು ಇಟ್ಟೋನು ಮಾತಾಡಲಿಲ್ಲ."